ಕೆಂಪು ಅಂದರೆ ಯಾವ ಕೆಂಪು?

ಎಲ್ಲರಿಗೂ ನಮಸ್ಕಾರ. ಕೂದಲಿಗೆ ಕೆಂಪು ಹಚ್ಚಬೇಕು ಅನ್ನುವವರು ಯಾವ ಕೆಂಪು ಆರಿಸಬೇಕು ಅನ್ನುವುದೇ ಇವತ್ತಿನ ಮಾತು. ಡಬ್ಬಿಯ ಮೇಲಿನ ಫೋಟೋ ನೋಡಿ ಹೇರ್ ಕಲರ್ ಕೊಳ್ಳಬೇಡಿ. ಇಷ್ಟು ಹೇಳಿ ಇಳಿದುಬಿಟ್ಟರೂ ಅರ್ಧ ಕೆಲಸ ಮುಗಿಯಿತು. ಆ ಫೋಟೋದಲ್ಲಿ ಇರುವುದು ಬೇರೆ ಯಾರದೋ ಕೂದಲು, ಬೇರೆ ಯಾರದೋ ಮುಖ, ಮೇಲೆ ಸ್ಟುಡಿಯೋ ಲೈಟು. ಡಬ್ಬಿಯ ಹಿಂದೆ ಅಥವಾ ಪಕ್ಕದಲ್ಲಿ ಸಣ್ಣದಾಗಿ ಕೂದಲ ಎಳೆಗಳ ಚಿತ್ರ ಇರುತ್ತದೆ, ಹಚ್ಚುವ ಮೊದಲು ಹೀಗಿದ್ದರೆ ಹಚ್ಚಿದ ಮೇಲೆ ಹೀಗಾಗುತ್ತದೆ ಅಂತ. ನೋಡಬೇಕಾದ್ದು ಅದನ್ನು.

ಮೊದಲು ನಿಮ್ಮ ಕೂದಲು ಎಷ್ಟು ಗಾಢ ಅನ್ನುವುದನ್ನು ತಿಳಿದುಕೊಳ್ಳಿ. ಪಾರ್ಲರ್‌ನವರು 1ರಿಂದ 10ರವರೆಗೆ ಎಣಿಸುತ್ತಾರೆ. ಕಡುಕಪ್ಪು 1, ತುಂಬ ತಿಳಿಯಾದ ಹೊಂಬಣ್ಣ 10. ಡೈ ಗೋಡೆಗೆ ಬಳಿಯುವ ಪೇಂಟ್ ಅಲ್ಲ, ಒಳಗಿನ ಬಣ್ಣ ಅದರ ಮೂಲಕ ಕಾಣುತ್ತಲೇ ಇರುತ್ತದೆ. ಡೈ ಜೊತೆ ಬೆರೆಸುವ ಪೆರಾಕ್ಸೈಡ್‌ಗೆ ಡೆವಲಪರ್ ಅನ್ನುತ್ತಾರೆ. ಸಾಮಾನ್ಯವಾಗಿ ಸಿಗುವ 6% ಡೆವಲಪರ್ ಕೂದಲನ್ನು ಒಂದೆರಡು ಮೆಟ್ಟಿಲು ತಿಳಿ ಮಾಡುತ್ತದೆ, 9% ಆದರೆ ಇನ್ನೂ ಸ್ವಲ್ಪ. ಹಾಗಾಗಿ 2ನೇ ಮೆಟ್ಟಿಲಿನ ಕಪ್ಪು ಕೂದಲಿಗೆ 7ನೇ ಮೆಟ್ಟಿಲಿನ ಕಾಪರ್, ಅಂದರೆ ತಾಮ್ರದ ಬಣ್ಣ, ಹಚ್ಚಿದರೆ ಬಿಸಿಲಲ್ಲಿ ನಿಂತಾಗ ಏನೋ ಕೆಂಪಗೆ ಹೊಳೆಯುತ್ತದೆ, ಅಷ್ಟೇ. ಈಗಾಗಲೇ ಡೈ ಹಾಕಿದ ಕೂದಲಾದರೆ ಅದೂ ಇಲ್ಲ, ಯಾಕೆಂದರೆ ಹೊಸ ಡೈ ಹಳೇ ಡೈಯನ್ನು ತಿಳಿ ಮಾಡುವುದಿಲ್ಲ.

ಆದರೆ ಕಪ್ಪು ಕೂದಲಿನವರಿಗೆ ಒಂದು ಅನುಕೂಲ ಇದೆ. ಕಪ್ಪು ಕೂದಲನ್ನು ತಿಳಿ ಮಾಡುತ್ತಾ ಹೋದರೆ ಒಳಗಿಂದ ಮೊದಲು ಕೆಂಪು, ಆಮೇಲೆ ಕಿತ್ತಳೆ, ಕೊನೆಗೆ ಹಳದಿ ಬರುತ್ತದೆ. ಕೆಂಪು ಬೇಕಾದವರು ಹಳದಿಯವರೆಗೆ ಬ್ಲೀಚ್ ಮಾಡಿಕೊಂಡು ಕೂದಲು ಹಾಳುಮಾಡಿಕೊಳ್ಳುವ ಅಗತ್ಯವೇ ಇಲ್ಲ, ಅರ್ಧ ದಾರಿಯಲ್ಲೇ ನಿಲ್ಲಿಸಬಹುದು.

ಈಗ ಡಬ್ಬಿಯ ಮೇಲಿನ ಅಂಕಿ. 6.4, 5.62 ಅಂತೆಲ್ಲ ಇರುತ್ತದಲ್ಲ, ಚುಕ್ಕಿಗಿಂತ ಮೊದಲಿನ ಅಂಕಿ ಎಷ್ಟು ಗಾಢ ಅಂತ ಹೇಳುತ್ತದೆ, ಚುಕ್ಕಿಯ ನಂತರದ್ದು ಬಣ್ಣ ಯಾವ ಕಡೆ ವಾಲುತ್ತದೆ ಅಂತ. ತಮಾಷೆ ಏನೆಂದರೆ ಇದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಒಬ್ಬರಿಗೆ 4 ಅಂದರೆ ಕಾಪರ್, ಇನ್ನೊಬ್ಬರಿಗೆ ಅದೇ 4 ಕೆಂಪು. ಬ್ರ್ಯಾಂಡ್ ಬದಲಿಸಿದಾಗ ಹಳೇ ನಂಬರನ್ನೇ ಕೇಳಬೇಡಿ.

ಸರಿ, ಮುಖಕ್ಕೆ ಯಾವುದು ಒಪ್ಪುತ್ತದೆ? ಕೆಂಪಿಗೆ ಎರಡು ಪಕ್ಕ. ಒಂದು ಕಿತ್ತಳೆಯ ಕಡೆ ವಾಲುವುದು: ಕಾಪರ್, ಆಬರ್ನ್. ಇನ್ನೊಂದು ನೇರಳೆಯ ಕಡೆ: ಚೆರ್ರಿ, ಬರ್ಗಂಡಿ, ವೈನ್. ಮಣಿಕಟ್ಟಿನ ನರ ಹಸಿರೋ ನೀಲಿಯೋ ನೋಡಿ ಅಂಡರ್‌ಟೋನ್, ಅಂದರೆ ಚರ್ಮದ ಒಳಛಾಯೆ, ಹೇಳುವ ಪದ್ಧತಿ ಇದೆ. ನನಗೆ ಅದರಲ್ಲಿ ನಂಬಿಕೆ ಕಡಿಮೆ, ಚರ್ಮ ಸ್ವಲ್ಪ ಗಾಢ ಇದ್ದರೆ ನರವೇ ಸರಿಯಾಗಿ ಕಾಣುವುದಿಲ್ಲ. ಅದರ ಬದಲು ಹೀಗೆ ಮಾಡಿ. ಹಗಲು ಹೊತ್ತು ಕಿಟಕಿ ಹತ್ತಿರ ಮೇಕಪ್ ಇಲ್ಲದೆ ಕೂತು, ಕೂದಲನ್ನು ಬಿಳಿ ಬಟ್ಟೆಯಿಂದ ಮುಚ್ಚಿ, ಕಿತ್ತಳೆಗೆಂಪು ಬಟ್ಟೆಯೊಂದನ್ನು ಗದ್ದದ ಕೆಳಗೆ ಹಿಡಿಯಿರಿ, ಆಮೇಲೆ ವೈನ್ ಬಣ್ಣದ್ದನ್ನು. ಬಟ್ಟೆ ನೋಡಬೇಡಿ, ಮುಖ ನೋಡಿ. ಕಣ್ಣಿನ ಕೆಳಗಿನ ಕಪ್ಪು, ಮೊಡವೆ ಕಲೆ ಯಾವುದರಲ್ಲಿ ಜಾಸ್ತಿ ಎದ್ದು ಕಾಣುತ್ತದೋ ಆ ಪಕ್ಕ ನಿಮ್ಮದಲ್ಲ. ಎರಡೂ ಒಪ್ಪಿದರೆ ಅದೃಷ್ಟ, ಮನಸ್ಸಿಗೆ ಬಂದದ್ದು ತಗೊಳ್ಳಿ. ಟ್ಯೂಬ್‌ಲೈಟ್ ಕೆಳಗೆ ಮಾತ್ರ ಈ ಪರೀಕ್ಷೆ ಬೇಡ.

ಕಪ್ಪು ಚರ್ಮಕ್ಕೆ ಕೆಂಪು ಒಪ್ಪಲ್ಲ ಅನ್ನುತ್ತಾರಲ್ಲ, ಅದು ಸುಮ್ನೆ ಮಾತು. ಗಾಢ ಬರ್ಗಂಡಿ, ಗಾಢ ಕಾಪರ್ ಕಪ್ಪು ಮುಖಕ್ಕೆ ಬಹಳ ಚೆನ್ನಾಗಿ ಕೂರುತ್ತವೆ. ಮುಖ ಬೇಗ ಕೆಂಪಾಗುವವರು, ಮೊಡವೆ ಇರುವವರು ಮಾತ್ರ ಎದ್ದು ಹೊಡೆಯುವ ಚೆರ್ರಿ ಬಿಟ್ಟು ಕಂದು ಬೆರೆತ ಕೆಂಪಿಗೆ ಹೋಗುವುದು ಒಳ್ಳೆಯದು, ಇಲ್ಲದಿದ್ದರೆ ಕೂದಲು ಮುಖದ ಕೆಂಪನ್ನೂ ಎತ್ತಿ ತೋರಿಸುತ್ತದೆ.

ಹುಟ್ಟಿದಾಗಿಂದಲೇ ಹೀಗಿತ್ತು ಅನ್ನುವ ಹಾಗೆ ಕಾಣಬೇಕಾ? ಹಾಗಾದರೆ ಕಾಪರ್ ಅಥವಾ ಆಬರ್ನ್. ಜಗತ್ತಿನಲ್ಲಿ 1ರಿಂದ 2% ಜನಕ್ಕೆ ಹುಟ್ಟಿನಿಂದ ಕೆಂಗೂದಲು, ಎಂಸಿ1ಆರ್ ಅನ್ನುವ ಜೀನ್‌ನಿಂದ ಬರುವಂಥದ್ದು, ಅದು ಯಾವಾಗಲೂ ಕಿತ್ತಳೆ ಕಡೆಯದೇ. ಚೆರ್ರಿ ಕೂದಲು ಹುಟ್ಟಿನಿಂದ ಯಾರಿಗೂ ಇಲ್ಲ. ಹಚ್ಚಿದ್ದು ಅಂತ ಗೊತ್ತಾಗುತ್ತದೆ, ಗೊತ್ತಾಗಲಿ ಬಿಡಿ!

ಎರಡು ಶೇಡ್ ಮಧ್ಯೆ ಒದ್ದಾಡುತ್ತಿದ್ದರೆ ತಿಳಿಯಾದ್ದನ್ನು ತಗೊಳ್ಳಿ. ತಿಳಿಯಾದರೆ ಆಮೇಲೆ ಗಾಢ ಮಾಡಬಹುದು, ಗಾಢವಾದರೆ ಹಿಂದೆ ಬರುವುದು ಕಷ್ಟ. ಇನ್ನೊಂದು, ಕೆಂಪು ಬೇಗ ಮಾಸುತ್ತದೆ. ಹಚ್ಚಿದ ದಿನದ ಬಣ್ಣದ ಜೊತೆ ಇರುವುದು ಸ್ವಲ್ಪ ದಿನ, ಮಾಸಿದ ಬಣ್ಣದ ಜೊತೆ ಇರುವುದೇ ಜಾಸ್ತಿ. ಕಾಪರ್ ಮಾಸಿದರೆ ಹೊಂಬಣ್ಣದ ಕಡೆ ಹೋಗುತ್ತದೆ, ಗಾಢ ಬರ್ಗಂಡಿ ಕಂದಿನ ಕಡೆ. ತಿಂಗಳಿಗೊಮ್ಮೆ ಟಚಪ್ ಮಾಡುವ ತಾಳ್ಮೆ ಇಲ್ಲದವರಿಗೆ ಎರಡನೆಯದೇ ವಾಸಿ. ತಲೆಗೆ ನೀರು ಹಾಕುವ ದಿನ ಕಡಿಮೆ ಮಾಡಿದರೂ ಬಣ್ಣ ಜಾಸ್ತಿ ನಿಲ್ಲುತ್ತದೆ.

ಬಿಳಿಕೂದಲು ಇದ್ದವರು ಬರೀ ಕೆಂಪು ಶೇಡ್ ಹಚ್ಚಬೇಡಿ, ಬಿಳಿ ಎಳೆಗಳೆಲ್ಲ ಕಣ್ಣಿಗೆ ಹೊಡೆಯುವ ಹಾಗೆ ಆಗುತ್ತವೆ. ಅದೇ ಗಾಢತೆಯ ಸಾದಾ ಶೇಡ್, ಅಂದರೆ ಕೆಂಪಿಲ್ಲದ ಸಹಜ ಬಣ್ಣದ್ದು, ಬೆರೆಸಿಕೊಳ್ಳಬೇಕು. ಮೊದಲ ಸಲ ಕೂದಲು ತಿಳಿ ಮಾಡಿ ಕೆಂಪು ಹಾಕುವವರು ಬುಡಕ್ಕೆ ಕೊನೆಯಲ್ಲಿ ಹಚ್ಚಿ. ಇಲ್ಲದಿದ್ದರೆ ನೆತ್ತಿಯ ಬಿಸಿಗೆ ಅಲ್ಲಿ ಬಣ್ಣ ಬೇಗ ಏರಿ, ಬುಡ ಕಿತ್ತಳೆ, ತುದಿ ಕಪ್ಪು ಅನ್ನುವ ಸ್ಥಿತಿ ಆಗುತ್ತದೆ. ಮೆಹಂದಿ ಹಚ್ಚಿದ ಕೂದಲಾದರೆ ಮೊದಲು ಒಂದು ಎಳೆಗೆ ಹಾಕಿ ನೋಡಿ. ಕೆಲವು ಪುಡಿಗಳಲ್ಲಿ ಲೋಹದ ಲವಣ ಬೆರೆಸಿರುತ್ತಾರೆ, ಅದು ಡೆವಲಪರ್ ಜೊತೆ ಸೇರಿದರೆ ಬಿಸಿಯಾಗಿ ಕೂದಲು ಸುಟ್ಟ ಹಾಗಾಗಬಹುದು.

ಇನ್ನು ಅಲರ್ಜಿ. ಅನೇಕ ಪರ್ಮನೆಂಟ್ ಡೈಗಳಲ್ಲಿ ಪಿಪಿಡಿ ಅನ್ನುವ ರಾಸಾಯನಿಕ ಇರುತ್ತದೆ, ಕೆಂಪು ಶೇಡ್‌ಗಳಲ್ಲೂ. ಹಚ್ಚುವ 48 ಗಂಟೆ ಮೊದಲು ಡಬ್ಬಿಯಲ್ಲಿ ಹೇಳಿದ ಹಾಗೆ ಪ್ಯಾಚ್ ಟೆಸ್ಟ್, ಅಂದರೆ ಚರ್ಮಕ್ಕೆ ಸ್ವಲ್ಪ ಹಚ್ಚಿ ನೋಡುವ ಪರೀಕ್ಷೆ, ಮಾಡಿ. ಹೋದ ಸಲ ಏನೂ ಆಗಲಿಲ್ಲ ಅನ್ನುವುದು ಲೆಕ್ಕಕ್ಕಿಲ್ಲ, ಈ ಅಲರ್ಜಿ ವರ್ಷಗಟ್ಟಲೆ ಹಚ್ಚಿದ ಮೇಲೂ ಶುರುವಾಗಬಹುದು. ಕಪ್ಪು ಮೆಹಂದಿಯ ಟ್ಯಾಟೂ ಹಾಕಿಸಿಕೊಂಡು ಚರ್ಮ ಊದಿಕೊಂಡಿದ್ದವರು ಇಂಥ ಡೈ ಮುಟ್ಟಲೇಬೇಡಿ. ಹುಬ್ಬಿಗೂ ಇದನ್ನು ಹಚ್ಚುವಂತಿಲ್ಲ, ಕಣ್ಣಿಗೆ ಅಪಾಯ. ಹುಬ್ಬು ಕೂದಲಿಗಿಂತ ಗಾಢವಾಗೇ ಇರಲಿ, ಏನೂ ಕೆಟ್ಟದಾಗಿ ಕಾಣುವುದಿಲ್ಲ.