130 ಪರ್ಸೆಂಟ್ ಲೋಡಿನಲ್ಲಿ ಒಂದು ಗಂಟೆ

ಕೇಳುಗರಿಗೆ ನಮಸ್ಕಾರ.

ಹೊರಬಲ್ಲ ಲೋಡಿನ ಅಳತೆ 100 ಕೆವಿಎ ಎಂದು ಬರೆದಿರುವ ಟ್ರಾನ್ಸ್‌ಫಾರ್ಮರಿಗೆ 130 ಕೆವಿಎ ಲೋಡು ಹಾಕಿದರೆ ಏನಾಗುತ್ತದೆ? ಸುಟ್ಟೇ ಹೋಗುತ್ತದೆ ಎನ್ನುವವರಿದ್ದಾರೆ. ಅಯ್ಯೋ, ಏನೂ ಆಗಲ್ಲ ಬಿಡಿ ಎನ್ನುವವರೂ ಇದ್ದಾರೆ. ಇಬ್ಬರ ಮಾತೂ ನಿಜವಾಗಬಹುದು. ಎಷ್ಟು ಹೊತ್ತು ಹಾಕಿದಿರಿ? ಅದಕ್ಕೆ ಮುಂಚೆ ಅದು ಎಷ್ಟು ಬಿಸಿಯಾಗಿತ್ತು? ಹೊರಗೆ ಸೆಕೆ ಎಷ್ಟಿತ್ತು? ಲೋಡು ಎಂಥದ್ದು? ಇಷ್ಟು ಗೊತ್ತಿಲ್ಲದೆ ಉತ್ತರ ಹೇಳಲು ಬರುವುದಿಲ್ಲ.

ನಿಜವಾದ ಟ್ರಾನ್ಸ್‌ಫಾರ್ಮರಿನ ಮೇಲೆ ಇದನ್ನೆಲ್ಲ ಪ್ರಯೋಗ ಮಾಡಿ ನೋಡುವುದು ದುಬಾರಿ, ಮೇಲಾಗಿ ಅಪಾಯ. ಹಾಗಾಗಿ ಕಂಪ್ಯೂಟರಿನೊಳಗೆ ಒಂದು ಟ್ರಾನ್ಸ್‌ಫಾರ್ಮರ್ ಕಟ್ಟಿ, ಅದಕ್ಕೆ ಬೇರೆ ಬೇರೆ ಲೋಡು ಹಾಕಿ ನೋಡುತ್ತಾರೆ. ಇವತ್ತಿನ ಮಾತು ಈ ಸಿಮ್ಯುಲೇಷನ್ ಬಗ್ಗೆ.

ಕಂಪ್ಯೂಟರಿನೊಳಗಿನ ಟ್ರಾನ್ಸ್‌ಫಾರ್ಮರಿನಲ್ಲಿ ಕಬ್ಬಿಣವೂ ಇಲ್ಲ, ಎಣ್ಣೆಯೂ ಇಲ್ಲ. ಇರುವುದು ಒಂದು ಪುಟ್ಟ ಸರ್ಕ್ಯೂಟು. ವೈಂಡಿಂಗಿನ, ಅಂದರೆ ಸುರುಳಿಯಾಗಿ ಸುತ್ತಿದ ತಾಮ್ರದ, ತಂತಿಗೆ ಒಂದು ರೆಸಿಸ್ಟೆನ್ಸ್. ಒಂದು ಸುರುಳಿಯಿಂದ ಇನ್ನೊಂದಕ್ಕೆ ತಲುಪದೆ ಸೋರಿಹೋಗುವ ಕಾಂತಪ್ರವಾಹಕ್ಕೆ ಒಂದು ರಿಯಾಕ್ಟೆನ್ಸ್, ಅಂದರೆ ಬದಲಾಗುವ ಕರೆಂಟಿಗೆ ಮಾತ್ರ ಆಗುವ ಅಡ್ಡಿ. ಪಕ್ಕದಲ್ಲಿ ಕೋರನ್ನು, ಅಂದರೆ ಸುರುಳಿಗಳ ನಡುವಿನ ಕಬ್ಬಿಣವನ್ನು, ತೋರಿಸುವ ಎರಡು ಭಾಗ. ಅವುಗಳಲ್ಲಿ ಒಂದು ಕೋರಿನಲ್ಲಿ ಆಗುವ ನಷ್ಟಕ್ಕೆ, ಇನ್ನೊಂದು ಕೋರನ್ನು ಕಾಂತವಾಗಿಸಲು ಬೇಕಾದ ಕರೆಂಟಿಗೆ. ಇಷ್ಟೇ. ಇಷ್ಟು ಸಣ್ಣ ಸರ್ಕ್ಯೂಟು ದೊಡ್ಡ ಯಂತ್ರವೊಂದರ ಪರವಾಗಿ ಮಾತಾಡುತ್ತದೆ ಅಂದರೆ ನನಗೆ ಈಗಲೂ ಅಚ್ಚರಿಯೇ.

ಈ ಭಾಗಗಳಿಗೆ ಬೆಲೆ, ಅಂದರೆ ಅಂಕಿ, ಎಲ್ಲಿಂದ ಬರುತ್ತದೆ? ಎರಡು ಹಳೆಯ ಪರೀಕ್ಷೆಗಳಿಂದ. ಮೊದಲನೆಯದರಲ್ಲಿ ಒಂದು ಬದಿಗೆ ಪೂರ್ತಿ ವೋಲ್ಟೇಜ್ ಕೊಟ್ಟು, ಇನ್ನೊಂದು ಬದಿಯನ್ನು ಖಾಲಿ ಬಿಡುತ್ತಾರೆ. ಆಗ ಮೀಟರು ತೋರಿಸುವ ವ್ಯಾಟು ಹೆಚ್ಚುಕಡಿಮೆ ಕೋರಿನದೇ. ಅದು ಕಬ್ಬಿಣದ ನಷ್ಟ. ಎರಡನೆಯದರಲ್ಲಿ ಒಂದು ಬದಿಯನ್ನು ಶಾರ್ಟ್ ಮಾಡಿ, ಇನ್ನೊಂದು ಬದಿಯಲ್ಲಿ ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತಾರೆ. ಫುಲ್ ಲೋಡಿನ ಕರೆಂಟು ಹರಿಯಲು ಶುರುವಾದಾಗ ನಿಲ್ಲಿಸುತ್ತಾರೆ. ಆಗ ಮೀಟರಿನಲ್ಲಿ ಕಾಣುವುದು ತಾಮ್ರದ ನಷ್ಟ. ಅಷ್ಟು ಕರೆಂಟಿಗೆ ಪೂರ್ತಿ ವೋಲ್ಟೇಜಿನ 4 ಪರ್ಸೆಂಟ್ ಸಾಕಾಯಿತು ಅಂದರೆ ಆ ಟ್ರಾನ್ಸ್‌ಫಾರ್ಮರಿನ ಇಂಪೀಡೆನ್ಸ್, ಅಂದರೆ ರೆಸಿಸ್ಟೆನ್ಸ್ ಮತ್ತು ರಿಯಾಕ್ಟೆನ್ಸ್ ಸೇರಿದ ಒಟ್ಟು ಅಡ್ಡಿ, 4 ಪರ್ಸೆಂಟ್.

ಒಂದು ಎಚ್ಚರಿಕೆ. ತಾಮ್ರ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತದೆ. 20 ಡಿಗ್ರಿಯಿಂದ 75 ಡಿಗ್ರಿಗೆ ಹೋದರೆ ಸುಮಾರು 22 ಪರ್ಸೆಂಟ್ ಜಾಸ್ತಿ. ತಣ್ಣಗಿದ್ದಾಗ ಅಳೆದ ಬೆಲೆಯನ್ನು ಹಾಗೇ ತುಂಬಿದರೆ ನಿಮ್ಮ ಮಾಡೆಲ್ ಮೊದಲ ದಿನದಿಂದಲೇ ನಷ್ಟವನ್ನು ಕಡಿಮೆ ಹೇಳುತ್ತದೆ.

ಈಗ ಲೆಕ್ಕಕ್ಕೆಂದು ಒಂದು ಟ್ರಾನ್ಸ್‌ಫಾರ್ಮರ್ ಇಟ್ಟುಕೊಳ್ಳೋಣ. 100 ಕೆವಿಎ. ಕಬ್ಬಿಣದ ನಷ್ಟ 300 ವ್ಯಾಟ್. ಫುಲ್ ಲೋಡಿನಲ್ಲಿ ತಾಮ್ರದ ನಷ್ಟ 1,200 ವ್ಯಾಟ್. ಈ ಎರಡರ ಸ್ವಭಾವವೇ ಬೇರೆ. ಕಬ್ಬಿಣದ ನಷ್ಟಕ್ಕೆ ಲೋಡು ಲೆಕ್ಕಕ್ಕಿಲ್ಲ. ವೋಲ್ಟೇಜ್ ಇದ್ದರಾಯಿತು, ಹಗಲೂ ರಾತ್ರಿ ಅದೇ 300 ವ್ಯಾಟ್. ತಾಮ್ರದ ನಷ್ಟವಾದರೋ ಲೋಡಿನ ವರ್ಗದಂತೆ ಏರುತ್ತದೆ. ಲೋಡು ಅರ್ಧವಾದರೆ ನಷ್ಟ ಕಾಲು ಭಾಗ, 300 ವ್ಯಾಟ್. ಲೋಡು ಒಂದೂವರೆ ಪಟ್ಟಾದರೆ 2,700 ವ್ಯಾಟ್.

ಅರ್ಧ ಲೋಡಿನಲ್ಲಿ ಎರಡೂ ನಷ್ಟ ಸಮ ಆದವು, ಗಮನಿಸಿದಿರಾ? ದಕ್ಷತೆ ಅಲ್ಲೇ ತುದಿ ಮುಟ್ಟುತ್ತದೆ. ಪವರ್ ಫ್ಯಾಕ್ಟರ್, ಅಂದರೆ ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಕಿಲೋವ್ಯಾಟಿನ ಪಾಲು, 1 ಅಂತ ಇಟ್ಟುಕೊಂಡರೆ ಅರ್ಧ ಲೋಡಿನಲ್ಲಿ 98.8 ಪರ್ಸೆಂಟ್, ಫುಲ್ ಲೋಡಿನಲ್ಲಿ 98.5. ಹತ್ತನೇ ಒಂದು ಭಾಗದ ಲೋಡಿಗೆ ಬಂದರೆ 97. ಬರೀ 2 ಪರ್ಸೆಂಟ್ ಲೋಡಿಗೆ ಇಳಿಸಿದರೆ 87. ಸುಮ್ನೆ ದೊಡ್ಡ ಟ್ರಾನ್ಸ್‌ಫಾರ್ಮರ್ ತಂದು ನಿಲ್ಲಿಸಿ, ಅದಕ್ಕೆ ಕೆಲಸ ಕೊಡದಿದ್ದರೆ ಹೀಗೇ ಆಗುವುದು.

ಇಲ್ಲಿ ತುಂಬಾ ಜನ ಬೀಳುವ ಒಂದು ಗುಂಡಿ ಇದೆ. ದಿನದ ಸರಾಸರಿ ಲೋಡು ತೆಗೆದುಕೊಂಡು ಸಿಮ್ಯುಲೇಷನ್ ಓಡಿಸಿಬಿಡುತ್ತಾರೆ. ನಮ್ಮ ಟ್ರಾನ್ಸ್‌ಫಾರ್ಮರ್ ದಿನಕ್ಕೆ 20 ಗಂಟೆ 10 ಕಿಲೋವ್ಯಾಟ್, ಸಂಜೆ 4 ಗಂಟೆ 100 ಕಿಲೋವ್ಯಾಟ್ ಕೊಡುತ್ತದೆ ಅನ್ನಿ. ಒಟ್ಟು 600 ಯೂನಿಟ್. ಸರಾಸರಿ 25 ಕಿಲೋವ್ಯಾಟ್. ಸರಾಸರಿ ಹಿಡಿದು ಲೆಕ್ಕ ಹಾಕಿದರೆ ದಿನಕ್ಕೆ ತಾಮ್ರದ ನಷ್ಟ 1.8 ಯೂನಿಟ್. ಗಂಟೆ ಗಂಟೆಗೆ ಲೆಕ್ಕ ಹಾಕಿದರೆ 5 ಯೂನಿಟ್ ದಾಟುತ್ತದೆ. ಆ ನಾಲ್ಕು ಗಂಟೆಯ ಏರು ಸರಾಸರಿಯಲ್ಲಿ ಕರಗಿಹೋಯಿತು. ವರ್ಗದಂತೆ ಏರುವ ಯಾವುದಕ್ಕೂ ಸರಾಸರಿ ಹಿಡಿಯಬಾರದು. ಈ ಒಂದು ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ.

ವೋಲ್ಟೇಜಿನ ಕಥೆ ಇಷ್ಟು ಉದ್ದ ಇಲ್ಲ, ಆದರೆ ಅದರಲ್ಲೊಂದು ತಮಾಷೆ ಇದೆ. ಲೋಡು ಹಾಕಿದಾಗ ಹೊರಗೆ ಬರುವ ವೋಲ್ಟೇಜ್ ಸ್ವಲ್ಪ ಬೀಳುತ್ತದೆ. ಎಷ್ಟು ಬೀಳುತ್ತದೆ ಎನ್ನುವುದು ಲೋಡಿನ ಗಾತ್ರದ ಜೊತೆಗೆ ಅದರ ಪವರ್ ಫ್ಯಾಕ್ಟರನ್ನೂ ಅವಲಂಬಿಸಿದೆ. 4 ಪರ್ಸೆಂಟ್ ಇಂಪೀಡೆನ್ಸಿನ ನಮ್ಮ ಟ್ರಾನ್ಸ್‌ಫಾರ್ಮರಿಗೆ ಹೀಟರಿನಂಥ ಲೋಡು ಪೂರ್ತಿ ಹಾಕಿದರೆ ಬೀಳುವುದು ಸುಮಾರು 1.3 ಪರ್ಸೆಂಟ್. ಅಷ್ಟೇ ಕೆವಿಎ ಮೋಟರ್ ಲೋಡು, ಪವರ್ ಫ್ಯಾಕ್ಟರ್ 0.8 ಆದರೆ 3.3 ಪರ್ಸೆಂಟ್. ಈಗ ಕೆಪಾಸಿಟರ್‌ಗಳನ್ನು ಅಗತ್ಯಕ್ಕಿಂತ ಜಾಸ್ತಿ ಹಾಕಿ ಪವರ್ ಫ್ಯಾಕ್ಟರನ್ನು ಆ ಕಡೆಯ, ಅಂದರೆ ಕರೆಂಟು ವೋಲ್ಟೇಜಿಗಿಂತ ಮುಂದೆ ಓಡುವ ಕಡೆಯ, 0.8ಕ್ಕೆ ಒಯ್ದರೆ? ವೋಲ್ಟೇಜ್ ಬೀಳುವ ಬದಲು ಸುಮಾರು 1.3 ಪರ್ಸೆಂಟ್ ಏರುತ್ತದೆ! ಸಿಮ್ಯುಲೇಷನ್ನಿನಲ್ಲಿ ಮೊದಲ ಸಲ ಇದನ್ನು ಕಂಡವರು ಪ್ಲಸ್ ಮೈನಸ್ ಎಲ್ಲೋ ಅದಲುಬದಲಾಗಿದೆ ಅಂದುಕೊಳ್ಳುತ್ತಾರೆ. ಆಗಿರುವುದಿಲ್ಲ.

ಇನ್ನು ಲೋಡು ಎಂಥದ್ದು ಎಂಬ ಪ್ರಶ್ನೆ. ಕಂಪ್ಯೂಟರ್, ಎಲ್‌ಇಡಿ ದೀಪ, ಬ್ಯಾಟರಿ ಚಾರ್ಜರ್‌ಗಳಲ್ಲಿ ಹಲವು ಕರೆಂಟನ್ನು ನುಣುಪಾದ ಅಲೆಯಾಗಿ ಎಳೆಯುವುದಿಲ್ಲ, ಕುಟುಕಿ ಕುಟುಕಿ ಎಳೆಯುತ್ತವೆ. ಆ ಕರೆಂಟನ್ನು ಬಿಡಿಸಿ ನೋಡಿದರೆ 50 ಹರ್ಟ್ಸ್ ಜೊತೆಗೆ 150, 250, 350 ಹರ್ಟ್ಸ್ ಕೂಡ ಸೇರಿರುತ್ತವೆ. ಇವೇ ಹಾರ್ಮೋನಿಕ್ಸ್. ವೈಂಡಿಂಗಿನ ತಂತಿಯೊಳಗೇ ಸುತ್ತುವ ಎಡ್ಡಿ ಕರೆಂಟಿನ ನಷ್ಟ ಫ್ರೀಕ್ವೆನ್ಸಿಯ ವರ್ಗದಂತೆ ಏರುತ್ತದೆ. ಅಂದರೆ 250 ಹರ್ಟ್ಸಿನ ಒಂದು ಆಂಪಿಯರ್ 50 ಹರ್ಟ್ಸಿನ ಒಂದು ಆಂಪಿಯರಿಗಿಂತ 25 ಪಟ್ಟು ಎಡ್ಡಿ ನಷ್ಟ ಮಾಡುತ್ತದೆ. ಮೀಟರು ಫುಲ್ ಲೋಡಿಗಿಂತ ಕಡಿಮೆ ತೋರಿಸುತ್ತಿದ್ದರೂ ಒಳಗೆ ಫುಲ್ ಲೋಡಿನ ಬಿಸಿ ಹುಟ್ಟಿರಬಹುದು. ಮೂರು ಫೇಸಿನ ಮಾಡೆಲ್ ಕಟ್ಟುವವರು ನ್ಯೂಟ್ರಲ್ ತಂತಿಯನ್ನು ಮರೆಯಬಾರದು. ಮೂರನೇ ಹಾರ್ಮೋನಿಕ್ ಮೂರೂ ಫೇಸಿನಿಂದ ಬಂದು ಅಲ್ಲಿ ಕೂಡಿಕೊಳ್ಳುತ್ತದೆ.

ಈಗ ಗಡಿಯಾರದ ವಿಷಯಕ್ಕೆ ಬರೋಣ. ಇದನ್ನು ಸರಿಯಾಗಿ ಹಿಡಿಯದಿದ್ದರೆ ಉಳಿದದ್ದೆಲ್ಲ ವ್ಯರ್ಥ. 50 ಹರ್ಟ್ಸಿನ ಒಂದು ಅಲೆ ಮುಗಿಯಲು 20 ಮಿಲಿಸೆಕೆಂಡ್ ಬೇಕು. ಸ್ವಿಚ್ ಹಾಕಿದ ಕ್ಷಣದಲ್ಲಿ ನುಗ್ಗುವ ಕರೆಂಟು, ಹಾರ್ಮೋನಿಕ್ಸ್, ಶಾರ್ಟ್ ಸರ್ಕ್ಯೂಟ್, ಇವನ್ನು ನೋಡಲು 50 ಮೈಕ್ರೋಸೆಕೆಂಡಿನಂಥ ಪುಟ್ಟ ಹೆಜ್ಜೆ ಇಡಬೇಕಾಗುತ್ತದೆ. ಈ ಬಗೆಯ ಲೆಕ್ಕಕ್ಕೆ ಹರ್ಮನ್ ಡಾಮೆಲ್ ಅವರು 1969ರಲ್ಲಿ ಪ್ರಕಟಿಸಿದ ವಿಧಾನವೇ ಇವತ್ತಿನ ಹಲವು ಸಿಮ್ಯುಲೇಷನ್ ಸಾಫ್ಟ್‌ವೇರ್ ಪ್ಯಾಕೇಜುಗಳ ಬುನಾದಿ. ಆದರೆ ಅದೇ ಹೆಜ್ಜೆಯಲ್ಲಿ ಒಂದಿಡೀ ದಿನ ನಡೆಯಲು ಹೊರಟರೆ 172 ಕೋಟಿ 80 ಲಕ್ಷ ಹೆಜ್ಜೆ ಇಡಬೇಕು! ಬಿಸಿಯ ಲೆಕ್ಕಕ್ಕೆ ಇದರ ಅಗತ್ಯವೇ ಇಲ್ಲ. ಅಲ್ಲಿ ನಿಮಿಷಕ್ಕೊಂದು ಹೆಜ್ಜೆ ಸಾಕು. ದಿನಕ್ಕೆ 1,440 ಹೆಜ್ಜೆ, ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಒಂದೇ ಮಾಡೆಲ್ ಎಲ್ಲಕ್ಕೂ ಉತ್ತರ ಕೊಡಲಿ ಎಂಬ ಆಸೆ ಬೇಡ. ಪ್ರಶ್ನೆ ಯಾವುದು ಎಂದು ಮೊದಲು ಕೇಳಿಕೊಳ್ಳಿ, ಮಾಡೆಲ್ ಆಮೇಲೆ.

ನಮ್ಮ ಪ್ರಶ್ನೆ 130 ಪರ್ಸೆಂಟ್ ಲೋಡಿನದು. ಅಂದರೆ ಬಿಸಿಯದು. ಟ್ರಾನ್ಸ್‌ಫಾರ್ಮರ್ ಮುದಿಯಾಗುವುದು ಅಂದರೆ ಮುಖ್ಯವಾಗಿ ಅದರ ವೈಂಡಿಂಗಿಗೆ ಸುತ್ತಿದ ಕಾಗದ ಮುದಿಯಾಗುವುದು. ವೈಂಡಿಂಗನ್ನು ಮುಳುಗಿಸಿಟ್ಟು ತಂಪು ಮಾಡುವ ಎಣ್ಣೆಯನ್ನು ಬದಲಿಸಬಹುದು, ಸೋಸಬಹುದು. ಕಾಗದವನ್ನು ಹಾಗೆ ಬದಲಿಸಲಾಗದು. ವೈಂಡಿಂಗಿನಲ್ಲಿ ಅತಿ ಬಿಸಿಯಾದ ಜಾಗಕ್ಕೆ ಹಾಟ್ ಸ್ಪಾಟ್ ಎನ್ನುತ್ತಾರೆ. ಲೋಡಿನ ಬಗ್ಗೆ ಐಇಸಿ ಎಂಬ ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ ಸಂಸ್ಥೆಯ 60076-7 ಎಂಬ ಮಾರ್ಗದರ್ಶಿ ಇದೆ. ಅದರ ಪ್ರಕಾರ ಸಾಮಾನ್ಯ ಕಾಗದಕ್ಕೆ ಹಾಟ್ ಸ್ಪಾಟ್ 98 ಡಿಗ್ರಿ ಇದ್ದರೆ ಮುದಿಯಾಗುವ ವೇಗ ಸರಿಯಾದ್ದು. ಅದಕ್ಕಿಂತ ಪ್ರತಿ 6 ಡಿಗ್ರಿ ಏರಿದಂತೆ ಈ ವೇಗ ಇಮ್ಮಡಿಯಾಗುತ್ತದೆ. ಈ ಸಾಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಣ್ಣೆ ನಿಧಾನದ್ದು. ದೊಡ್ಡ ಹಂಡೆಯ ನೀರು ಕಾದ ಹಾಗೆ ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಅದರ ಕಾಲಾಂಕ 3 ಗಂಟೆ ಅಂತ ಹಿಡಿಯೋಣ. ಅಂದರೆ ಏರಬೇಕಾದ ಬಿಸಿಯಲ್ಲಿ 63 ಪರ್ಸೆಂಟ್ ಏರಲು 3 ಗಂಟೆ ಬೇಕು. ವೈಂಡಿಂಗ್ ಹಾಗಲ್ಲ, ಎಣ್ಣೆಗಿಂತ ಎಷ್ಟು ಜಾಸ್ತಿ ಬಿಸಿಯಾಗಬೇಕೋ ಅಷ್ಟನ್ನು ಕೆಲವೇ ನಿಮಿಷಗಳಲ್ಲಿ ಆಗಿಬಿಡುತ್ತದೆ.

ಹೊರಗೆ 20 ಡಿಗ್ರಿ ಇದೆ. ಫುಲ್ ಲೋಡಿನಲ್ಲಿ ಎಣ್ಣೆ ಅದಕ್ಕಿಂತ 55 ಡಿಗ್ರಿ ಮೇಲೆ ನಿಲ್ಲುತ್ತದೆ, ಹಾಟ್ ಸ್ಪಾಟ್ ಎಣ್ಣೆಗಿಂತ 23 ಡಿಗ್ರಿ ಮೇಲೆ. ಕೂಡಿಸಿ, 98. ಈಗ ದಿನವೆಲ್ಲ ಅರ್ಧ ಲೋಡಿನಲ್ಲಿದ್ದ ಈ ಟ್ರಾನ್ಸ್‌ಫಾರ್ಮರಿಗೆ ಸಂಜೆ 130 ಪರ್ಸೆಂಟ್ ಹಾಕುತ್ತೇವೆ. ಶುರುವಿನಲ್ಲಿ ಎಣ್ಣೆಯ ಏರಿಕೆ ಬರೀ 26 ಡಿಗ್ರಿ. ಹಾಟ್ ಸ್ಪಾಟ್ ಮಾತ್ರ ಕೆಲವೇ ನಿಮಿಷದಲ್ಲಿ ಎಣ್ಣೆಗಿಂತ 35 ಡಿಗ್ರಿ ಮೇಲೆ ಹೋಗುತ್ತದೆ. ಒಂದು ಗಂಟೆ ಕಳೆದ ಮೇಲೆ ಎಣ್ಣೆಯ ಏರಿಕೆ 41. ಹೊರಗಿನ 20, ಈ 41, ಆ 35 ಕೂಡಿಸಿದರೆ ಹಾಟ್ ಸ್ಪಾಟ್ 96 ಡಿಗ್ರಿ. ಮಿತಿಯೊಳಗೇ ಇದೆ ಅಲ್ವಾ? ಏನೂ ಆಗಲ್ಲ ಎಂದವರು ಗೆದ್ದರು.

ಅದೇ ಲೋಡನ್ನು 3 ಗಂಟೆ ಮುಂದುವರಿಸಿ. ಹಾಟ್ ಸ್ಪಾಟ್ 114. ಕಾಗದ 6 ಪಟ್ಟಿಗಿಂತ ಜಾಸ್ತಿ ವೇಗದಲ್ಲಿ ಮುದಿಯಾಗುತ್ತಿದೆ. ಇಳಿಸದೆ ಹಾಗೇ ಬಿಟ್ಟರೆ ಕೊನೆಗೆ 133 ಡಿಗ್ರಿಗೆ ಹೋಗಿ ನಿಲ್ಲುತ್ತದೆ, ವೇಗ 50 ಪಟ್ಟನ್ನೂ ದಾಟುತ್ತದೆ. ಹೊರಗಿನ ಬಿಸಿಲು 20ರ ಬದಲು 35 ಇದ್ದರೆ? ಅದೇ ಒಂದು ಗಂಟೆಗೆ 96 ಇದ್ದದ್ದು 111 ಆಗುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಆ ಗಂಟೆಗೆ ಮುಂಚೆ ಏನಾಗಿತ್ತು ಎನ್ನುವುದು. ಅದೇ 20 ಡಿಗ್ರಿ, ಅದೇ 130 ಪರ್ಸೆಂಟ್, ಅದೇ ಒಂದು ಗಂಟೆ. ಆದರೆ ಟ್ರಾನ್ಸ್‌ಫಾರ್ಮರ್ ಅದಕ್ಕೆ ಮುಂಚೆ ಅರ್ಧದ ಬದಲು ಫುಲ್ ಲೋಡಿನಲ್ಲಿತ್ತು. ಆಗ ಹಾಟ್ ಸ್ಪಾಟ್ 96ರ ಬದಲು 117. ಮುದಿಯಾಗುವ ವೇಗ ಸುಮಾರು 9 ಪಟ್ಟು. ಕರೆಂಟನ್ನು ಮಾತ್ರ ನೋಡುವ ಮೀಟರಿಗೆ ಈ ಎರಡು ಗಂಟೆಗಳ ನಡುವೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ರಾತ್ರಿ ವಾಹನಗಳ ಚಾರ್ಜಿಂಗ್ ಹೆಚ್ಚುತ್ತಿರುವಾಗ ಇದು ಬರೀ ಪುಸ್ತಕದ ಲೆಕ್ಕ ಅಲ್ಲ. ಮೊದಲು ರಾತ್ರಿ ಲೋಡು ಇಳಿದು ಎಣ್ಣೆ ತಣ್ಣಗಾಗುತ್ತಿತ್ತು. ಆ ಬಿಡುವನ್ನು ಚಾರ್ಜರ್‌ಗಳು ತುಂಬಿಬಿಟ್ಟರೆ ಬೆಳಗಿನ ಲೋಡು ಬೆಚ್ಚಗಿನ ಎಣ್ಣೆಯ ಮೇಲೆ ಬಂದು ಕೂರುತ್ತದೆ.

ಹಾಗಾದರೆ ಸಿಮ್ಯುಲೇಷನ್ ಶುರು ಮಾಡುವಾಗ ಎಣ್ಣೆ ಎಷ್ಟು ಬಿಸಿ ಇತ್ತು ಎಂದು ಹಾಕಬೇಕು? ಅಂದಾಜಿನ ಬೆಲೆ ಹಾಕಿದರೂ ನಡೆಯುತ್ತದೆ. ಒಂದೇ ದಿನದ ಲೋಡನ್ನು ಬೆನ್ನಿಗೆ ಬೆನ್ನಿಗೆ ಎರಡು ಮೂರು ಸಲ ಓಡಿಸಿ. ದಿನದ ಕೊನೆಯ ಬಿಸಿ ಆ ದಿನದ ಶುರುವಿನ ಬಿಸಿಗೆ ಸಮ ಬಂದಾಗ ನಿಲ್ಲಿಸಿ. 3 ಗಂಟೆಯ ಕಾಲಾಂಕ ಇರುವ ಸಣ್ಣ ಟ್ರಾನ್ಸ್‌ಫಾರ್ಮರಿಗೆ ಎರಡನೇ ದಿನಕ್ಕೇ ಇದು ಸರಿಹೋಗುತ್ತದೆ. ಮೊದಲ ದಿನದ ಗ್ರಾಫನ್ನು ಬದಿಗಿಟ್ಟು, ಕೊನೆಯ ದಿನದ್ದನ್ನು ಇಟ್ಟುಕೊಳ್ಳಿ.

ನಮಸ್ಕಾರ.