ರೋಸ್ತೋವ್ ವೆಲೀಕಿ: ನೇರೊ ಸರೋವರದ ದಡದ ಊರನ್ನು ಒಂದು ದಿನದಲ್ಲಿ ನೋಡೋದು ಹೇಗೆ?

[ದೃಶ್ಯ: ಮಾಸ್ಕೋ, ಕೊಮ್ಸೊಮೋಲ್ಸ್ಕಯ ಚೌಕ, ಒಂದೇ ಕಡೆ ಮೂರು ರೈಲು ನಿಲ್ದಾಣಗಳು]

ನಮಸ್ಕಾರ. ಊರಿಗಿಂತ ಮೊದಲು ಟಿಕೆಟ್ ವಿಷಯ. ರಷ್ಯಾದಲ್ಲಿ ರೋಸ್ತೋವ್ ಎರಡಿವೆ. ಒಂದು ದಕ್ಷಿಣದಲ್ಲಿ, ದಾನ್ ನದಿ ದಡದ ದೊಡ್ಡ ನಗರ, ಮಾಸ್ಕೋದಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಇನ್ನೊಂದು ನಾವು ಇವತ್ತು ನೋಡ್ತಿರೋ ರೋಸ್ತೋವ್ ವೆಲೀಕಿ, ಈಶಾನ್ಯಕ್ಕೆ ಸುಮಾರು 200 ಕಿ.ಮೀ. ಆ್ಯಪ್‌ನಲ್ಲಿ ಬರೀ 'ರೋಸ್ತೋವ್' ಅಂತ ಹುಡುಕಿದ್ರೆ ದೊಡ್ಡ ಊರೇ ಮುಂದೆ ಬರಬಹುದು. ಹಾಗಾಗಿ ಟಿಕೆಟ್ ಮೇಲೆ ನಿಲ್ದಾಣದ ಹೆಸರು 'ರೋಸ್ತೋವ್-ಯಾರೊಸ್ಲಾವ್ಸ್ಕಿ' ಅಂತಲೇ ಇದೆಯಾ ನೋಡಿ. ರೈಲು ಹೊರಡೋದು ಮಾಸ್ಕೋದ ಯಾರೊಸ್ಲಾವ್ಸ್ಕಿ ನಿಲ್ದಾಣದಿಂದ. ಯಾರೊಸ್ಲಾವ್ಲ್ ಕಡೆ ಹೋಗೋ ವೇಗದ ರೈಲಾದ್ರೆ ಎರಡೂವರೆಯಿಂದ ಮೂರು ಗಂಟೆ. ಲೋಕಲ್ ರೈಲು ಅಗ್ಗ, ಆದ್ರೆ ದಾರಿಯಲ್ಲಿ ಅಲೆಕ್ಸಾಂದ್ರೊವ್‌ನಲ್ಲಿ ಇಳಿದು ಬೇರೆ ರೈಲು ಹತ್ತಬೇಕು, ಅರ್ಧ ದಿನ ಅಲ್ಲೇ ಹೋಗುತ್ತೆ.

ದುಡ್ಡಿನ ಮಾತು: 2022ರ ಮಾರ್ಚ್‌ನಿಂದ ಹೊರದೇಶದ ಬ್ಯಾಂಕುಗಳ ವೀಸಾ, ಮಾಸ್ಟರ್‌ಕಾರ್ಡ್ ಕಾರ್ಡುಗಳು ಅಲ್ಲಿ ನಡೆಯಲ್ಲ. ಮಾಸ್ಕೋದಲ್ಲೇ ರೂಬಲ್ ಮಾಡಿಸಿ ಇಟ್ಕೊಳ್ಳಿ, ಚಿಲ್ಲರೆಯೂ ಇರಲಿ. ಊರಿನ ನಕ್ಷೆಯನ್ನೂ ಮೊದಲೇ ಫೋನ್‌ಗೆ ಇಳಿಸ್ಕೊಳ್ಳಿ.

[ದೃಶ್ಯ: ನಿಲ್ದಾಣದಿಂದ ಕ್ರೆಮ್ಲಿನ್ ಕಡೆಗೆ ರಸ್ತೆ, ದೂರದಲ್ಲಿ ಗುಮ್ಮಟಗಳು]

ನಿಲ್ದಾಣದಿಂದ ಕ್ರೆಮ್ಲಿನ್‌ಗೆ, ಅಂದ್ರೆ ಈ ಊರಿನ ಗೋಡೆ ಸುತ್ತಿದ ಹಳೆಯ ಆವರಣಕ್ಕೆ, ನಡೆದ್ರೆ ಇಪ್ಪತ್ತೈದು ನಿಮಿಷ. ಈ ಊರಿನ ಹೆಸರು ಹಳೆಯ ವೃತ್ತಾಂತಗಳಲ್ಲಿ 862ನೇ ವರ್ಷದ ಕೆಳಗೇ ಬರುತ್ತೆ. ಮಾಸ್ಕೋದ ಹೆಸರು ಕಾಣೋದು 1147ರಲ್ಲಿ. ಆದ್ರೆ ನೀವು ನೋಡೋ ಗೋಡೆಗಳು ಅಷ್ಟು ಹಳೆಯವಲ್ಲ, 1670ರಿಂದ 1683ರ ನಡುವೆ ಕಟ್ಟಿದ್ದು.

ಇದು ಕೋಟೆಯೂ ಅಲ್ಲ. ಗೋಪುರಗಳನ್ನ ಹತ್ತಿರದಿಂದ ನೋಡಿ: ಅಗಲವಾದ ಕಿಟಕಿಗಳು, ಕಿಟಕಿ ಸುತ್ತ ಕೆತ್ತನೆಯ ಚೌಕಟ್ಟು. ಯುದ್ಧಕ್ಕೆ ಕಟ್ಟೋನು ಶತ್ರುವಿಗೆ ಇಷ್ಟು ಚಂದದ ಕಿಟಕಿ ಬಿಡ್ತಾನಾ? ಕಟ್ಟಿಸಿದ್ದು ಮೆಟ್ರೊಪಾಲಿಟನ್ ಇಯೋನ ಸಿಸೊಯೆವಿಚ್ ಅನ್ನೋ ಧರ್ಮಾಧಿಕಾರಿ, ತಮ್ಮ ನಿವಾಸಕ್ಕೆ. ಗೋಡೆಯ ನಡುವೆ ಅಂಗಳ, ಅಂಗಳದಲ್ಲಿ ಕೊಳ, ಬಾಗಿಲುಗಳ ಮೇಲೆ ಚರ್ಚ್‌ಗಳು. ಅವರಿಗೆ ಬೇಕಿದ್ದದ್ದು ಸ್ವರ್ಗದ ನಗರದ ಒಂದು ಚಿತ್ರ. ಹದಿನೆಂಟನೇ ಶತಮಾನದ ಕೊನೆಗೆ ಧರ್ಮಾಧಿಕಾರಿಯ ಪೀಠ ಯಾರೊಸ್ಲಾವ್ಲ್‌ಗೆ ಹೋಯ್ತು, ಇದು ಗೋದಾಮಾಗಿ ಪಾಳುಬಿತ್ತು. ಊರಿನ ವ್ಯಾಪಾರಿಗಳು ಸೇರಿ ರಿಪೇರಿ ಮಾಡಿಸಿ, 1883ರಲ್ಲಿ ಮ್ಯೂಸಿಯಂ ಶುರುವಾಯ್ತು. 1953ರ ಆಗಸ್ಟ್‌ನಲ್ಲಿ ಬೀಸಿದ ಸುಂಟರಗಾಳಿ ಗುಮ್ಮಟಗಳನ್ನ ಕಿತ್ತು ಕೆಡವಿತು. ಈಗ ಕಾಣೋ ಛಾವಣಿಗಳಲ್ಲಿ ಬಹಳಷ್ಟು ಆಮೇಲೆ ಮತ್ತೆ ಕಟ್ಟಿದ್ದು.

[ದೃಶ್ಯ: ಸ್ಪಾಸ್ ನಾ ಸೆನ್ಯಾಖ್ ಚರ್ಚ್ ಒಳಗೆ, ಚಿನ್ನದ ಬಣ್ಣದ ಕಂಬಗಳು]

ಸಮಯ ಕಡಿಮೆ ಇದ್ರೆ ಒಳಗೆ ನೋಡಲೇಬೇಕಾದ್ದು ಸ್ಪಾಸ್ ನಾ ಸೆನ್ಯಾಖ್, ಮೆಟ್ರೊಪಾಲಿಟನ್‌ರ ಮನೆ-ಚರ್ಚ್. ರಷ್ಯಾದ ಚರ್ಚ್‌ಗಳಲ್ಲಿ ಗರ್ಭಗುಡಿಯ ಮುಂದೆ ಸಾಮಾನ್ಯವಾಗಿ ಐಕಾನ್‌ಗಳ, ಅಂದ್ರೆ ಪೂಜೆಯ ಚಿತ್ರಗಳ, ಮರದ ಗೋಡೆ ನಿಂತಿರುತ್ತೆ. ಇಲ್ಲಿ ಅದೇ ಇಲ್ಲ. ಕಲ್ಲಿನ ಗೋಡೆಯ ಮೇಲೇ ಚಿತ್ರ ಬರೆದಿದ್ದಾರೆ, ಮುಂದೆ ಚಿನ್ನದ ಕಂಬಗಳ ಕಮಾನು. ಪಾದ್ರಿಗಳು ನಿಲ್ಲೋ ಎತ್ತರದ ಜಾಗವೇ ಚರ್ಚ್‌ನ ದೊಡ್ಡ ಪಾಲು ಹಿಡಿದಿದೆ, ಭಕ್ತರಿಗೆ ಉಳಿದದ್ದು ಸ್ವಲ್ಪ. ಯಾರಿಗಾಗಿ ಕಟ್ಟಿದ್ದು ಅನ್ನೋದು ಅಲ್ಲೇ ಗೊತ್ತಾಗುತ್ತೆ.

ಇಲ್ಲಿ ಜನ ಎಡವೋದು ಟಿಕೆಟ್‌ನಲ್ಲಿ. ಆವರಣದ ಟಿಕೆಟ್ ಬೇರೆ, ಒಳಗಿನ ಒಂದೊಂದು ಪ್ರದರ್ಶನಕ್ಕೂ ಬೇರೆ. ಕೌಂಟರಿನಲ್ಲೇ ಪಟ್ಟಿ ನೋಡಿ ಒಟ್ಟಿಗೆ ತಗೊಳ್ಳಿ. ಬಾಗಿಲ ಮೇಲಿನ ಚರ್ಚ್‌ಗಳಲ್ಲಿ ಚಳಿ ಕಾಯಿಸೋ ವ್ಯವಸ್ಥೆ ಇಲ್ಲ. ತೇವದ ಏರಿಳಿತ ಗೋಡೆಚಿತ್ರಗಳಿಗೂ ಒಳ್ಳೇದಲ್ಲ, ಅದಕ್ಕೆ ಬೆಚ್ಚಗಿನ ತಿಂಗಳುಗಳಲ್ಲಿ ಮಾತ್ರ ತೆರೀತಾರೆ. ಚಿತ್ರಗಳೇ ಮುಖ್ಯ ಅನ್ನೋರು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೋಗಿ. ಫ್ಲಾಶ್ ಬೇಡ.

[ದೃಶ್ಯ: ಉಸ್ಪೆನ್ಸ್ಕಿ ಕೆಥೆಡ್ರಲ್, ಪಕ್ಕದಲ್ಲಿ ಗಂಟೆಗಳ ಕಟ್ಟಡ. ಹಿನ್ನೆಲೆಯಲ್ಲಿ ಗಂಟಾನಾದ]

ಗೋಡೆಯ ಹೊರಗೆ, ಉತ್ತರಕ್ಕೆ ಇರೋದು ಹದಿನಾರನೇ ಶತಮಾನದ ಉಸ್ಪೆನ್ಸ್ಕಿ ಕೆಥೆಡ್ರಲ್. ಇದು ಪೂಜೆ ನಡೆಯೋ ಜಾಗ: ಹೆಂಗಸರು ತಲೆಗೆ ಬಟ್ಟೆ ಹೊದೀಬೇಕು, ಗಂಡಸರು ಟೋಪಿ ತೆಗೀಬೇಕು. ಅದರ ಪಕ್ಕದ ಗಂಟೆ ಕಟ್ಟಡಕ್ಕಾಗಿಯೇ ಈ ಊರಿಗೆ ಬರಬಹುದು ಅನ್ನೋದು ನಮ್ಮ ಅಭಿಪ್ರಾಯ.

ಎತ್ತರದ ಗೋಪುರ ಅಲ್ಲ, ಉದ್ದದ ದಪ್ಪ ಗೋಡೆ; ಮೇಲೆ ಕಮಾನುಗಳ ಸಾಲು, ಅದರಲ್ಲಿ 15 ಗಂಟೆಗಳು. ದೊಡ್ಡದು 'ಸಿಸೋಯ್', 1688ರದ್ದು, ಹಳೆಯ ರಷ್ಯನ್ ತೂಕದಲ್ಲಿ 2000 ಪೂದ್, ಅಂದ್ರೆ ಸುಮಾರು 32 ಟನ್. ಇಯೋನ ಇದಕ್ಕೆ ತಂದೆಯ ಹೆಸರಿಟ್ಟರು. ಆಮೇಲೆ 'ಪೊಲಿಯೆಲೇಯ್ನಿ' 16 ಟನ್, 'ಲೇಬೆದ್' 8 ಟನ್. ರಷ್ಯಾದಲ್ಲಿ ಗಂಟೆ ತೂಗಾಡಲ್ಲ. ಅದು ಅಲ್ಲಾಡದೆ ನೇತಿರುತ್ತೆ, ನಾಲಿಗೆಗೆ ಹಗ್ಗ ಕಟ್ಟಿ ಎಳೀತಾರೆ. ಅದಕ್ಕೇ ಇಷ್ಟು ಭಾರದ ಗಂಟೆಯನ್ನೂ ತಾಳಕ್ಕೆ ಸರಿಯಾಗಿ ಬಾರಿಸಬಹುದು. ಸಾಲಾಗಿ ನಿಂತಿರೋದ್ರಿಂದ ಬಾರಿಸೋರು ಒಬ್ಬರನ್ನೊಬ್ಬರು ನೋಡ್ತಾ ಲಯ ಹಿಡೀತಾರೆ. ಈ ಮೂರು ಗಂಟೆಗಳ ಶ್ರುತಿ ಸಿ ಮೇಜರ್ ಸ್ವರಮೇಳ. ನಮ್ಮ ಕಿವಿಗೆ ಹೇಳೋದಾದ್ರೆ ಸಿಸೋಯ್ ಷಡ್ಜ, ಪೊಲಿಯೆಲೇಯ್ನಿ ಅಂತರ ಗಾಂಧಾರ, ಲೇಬೆದ್ ಪಂಚಮ. ಸೋವಿಯತ್ ಕಾಲದಲ್ಲಿ ಎಷ್ಟೋ ಊರುಗಳ ಗಂಟೆ ಕರಗಿಹೋದ್ವು, ಇವು ಉಳಿದ್ವು. ಕಟ್ಟಡಕ್ಕೆ ಅಂಟಿಕೊಂಡು ನಿಂತ್ರೆ ಬರೀ ಅಬ್ಬರ ಕೇಳುತ್ತೆ. ಸ್ವಲ್ಪ ದೂರ ಸರಿದ್ರೆ ಮೂರೂ ಸ್ವರ ಬೇರೆಬೇರೆಯಾಗಿ ಸಿಗುತ್ತೆ.

[ದೃಶ್ಯ: ಸರೋವರದ ದೋಣಿಯಿಂದ ಕ್ರೆಮ್ಲಿನ್]

ಇನ್ನು ನೇರೊ ಸರೋವರ. ಉದ್ದ 13 ಕಿ.ಮೀ., ಅಗಲ 8, ಆದ್ರೆ ಸರಾಸರಿ ಆಳ ಎರಡು ಮೀಟರೂ ಇಲ್ಲ. ತಳದಲ್ಲಿ ಸಾವಿರಾರು ವರ್ಷ ಕೂತ ಸಪ್ರೊಪೆಲ್ ಅನ್ನೋ ಮೆತ್ತನೆ ಕೆಸರು. ಈಜೋಕೆ ಇಳಿದ್ರೆ ಕಾಲು ಹೂತುಹೋಗುತ್ತೆ, ಇಳೀಬೇಡಿ. ನೋಡಬೇಕಾದ್ದು ನೀರಿನ ಮೇಲಿಂದ. ಬೇಸಿಗೆಯಲ್ಲಿ ದಡದಿಂದ ಸಣ್ಣ ಮೋಟಾರು ದೋಣಿಗಳು ಹೋಗ್ತವೆ. ಹತ್ತೋ ಮುಂಚೆ ದರ ಒಬ್ಬರಿಗಾ, ಇಡೀ ದೋಣಿಗಾ ಅಂತ ಕೇಳಿ. ದಕ್ಷಿಣದ ಗೋಡೆ ಸರೋವರದ ಕಡೆಗೇ ಇರೋದ್ರಿಂದ ಮಧ್ಯಾಹ್ನದ ಮೇಲೆ ಬಿಸಿಲು ಚೆನ್ನಾಗಿ ಬೀಳುತ್ತೆ. ದಡದಲ್ಲೇ ಪಶ್ಚಿಮಕ್ಕಿರೋ ಸ್ಪಾಸೊ-ಯಾಕೊವ್ಲೆವ್ಸ್ಕಿ ಮಠಕ್ಕೆ ನಡೆದೇ ಹೋಗಬಹುದು. ಹಿಮ ಕರಗೋ ಏಪ್ರಿಲ್‌ನಲ್ಲಿ ದಡವೆಲ್ಲ ಕೆಸರು, ಆ ತಿಂಗಳು ಬೇಡ.

[ದೃಶ್ಯ: ಫಿನಿಫ್ತ್ ಪದಕ, ಮುಂಭಾಗ ಮತ್ತು ಹಿಂಭಾಗ]

ಕೊಳ್ಳೋಕೆ ಇಲ್ಲಿಯದೇ ಆದ ವಸ್ತು ಫಿನಿಫ್ತ್: ತಾಮ್ರದ ತಗಡಿನ ಮೇಲೆ ಬಿಳಿ ಎನಾಮೆಲ್, ಅದರ ಮೇಲೆ ಸಣ್ಣ ಕುಂಚದ ಚಿತ್ರ, ಮತ್ತೆ ಮತ್ತೆ ಕುಲುಮೆಯಲ್ಲಿ ಸುಡೋದು. ತಿರುಗಿಸಿ ನೋಡಿ. ಚೌಕಟ್ಟು ಮುಚ್ಚಿಲ್ಲದಿದ್ರೆ ಹಿಂದೆಯೂ ಎನಾಮೆಲ್ ಪದರ ಕಾಣಬೇಕು, ಯಾಕಂದ್ರೆ ತಾಮ್ರ ಮತ್ತು ಗಾಜು ಒಂದೇ ಸಮ ಕುಗ್ಗಲ್ಲ. ಒಂದೇ ಕಡೆ ಬಳಿದ್ರೆ ತಗಡು ಸೊಟ್ಟಗಾಗಿ ಬಿರುಕು ಬಿಡುತ್ತೆ. ಫೋನ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿದಾಗ ಒಂದೇ ಅಳತೆಯ ಚುಕ್ಕೆಗಳು ಕಂಡ್ರೆ ಅದು ಅಚ್ಚು, ಕೈ ಕೆಲಸ ಅಲ್ಲ.

ಸಸ್ಯಾಹಾರಿಗಳು 'ಬೆಜ್ ಮ್ಯಾಸಾ' ಅಂದ್ರೆ ಮಾಂಸ ಇಲ್ಲದ್ದು ಕೊಡ್ತಾರೆ, ಆದ್ರೆ ಸರೋವರದ ಊರಲ್ವಾ, ಮೀನು ಬಂದುಬಿಡುತ್ತೆ. 'ಬೆಜ್ ಮ್ಯಾಸಾ ಇ ರೀಬಿ' ಅಂತ ಮೀನನ್ನೂ ಸೇರಿಸಿ ಹೇಳಿ. ಆಲೂಗಡ್ಡೆ ತುಂಬಿದ ವರೇನಿಕಿ ಅನ್ನೋ ಕಡುಬು, ಬ್ಲಿನಿ ಅನ್ನೋ ತೆಳು ದೋಸೆ, ಬಕ್‌ವೀಟ್ ಕಾಳಿನ ಗಂಜಿ ಸಿಗುತ್ತೆ. ಸೂಪ್ ಬೇಕಾದ್ರೆ ಯಾವುದರ ಸಾರು ಅಂತ ಕೇಳದೆ ತಗೋಬೇಡಿ.

ವಾಪಸ್ ಟಿಕೆಟ್ ಬೆಳಿಗ್ಗೆಯೇ ಮಾಡಿಸಿಡಿ. ಭಾನುವಾರ ಸಂಜೆ ಮಾಸ್ಕೋ ಕಡೆಯ ರೈಲುಗಳು ಬೇಗ ತುಂಬ್ತವೆ.