ಮದ್ದು ನಾಟದ ಟಿಬಿ: ಅಕ್ಷರ ತಪ್ಪಿದ್ದು ಎಲ್ಲಿ?

ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕ ಒಬ್ಬರು ನಮ್ಮ ಬೀದಿಯಲ್ಲಿದ್ದಾರೆ. ಹೋದ ವರ್ಷ ಅವರಿಗೆ ಟಿಬಿ ಬಂತು. ಕಫ ಪರೀಕ್ಷೆ ಮಾಡಿದರೆ, ರಿಫಾಂಪಿಸಿನ್ ಎಂಬ ಮುಖ್ಯ ಔಷಧವೇ ನಾಟದ ಟಿಬಿ. ರಿಪೋರ್ಟ್ ನೋಡಿದವರು ಮೊದಲು ಕೇಳಿದ್ದೇನು ಗೊತ್ತಾ? "ಮಧ್ಯದಲ್ಲಿ ಮಾತ್ರೆ ಬಿಟ್ರಾ?" ಅಲ್ಲ ಸ್ವಾಮಿ, ಆ ಅಕ್ಕ ಅಲ್ಲಿವರೆಗೆ ಟಿಬಿ ಮಾತ್ರೆಯ ಮುಖವನ್ನೇ ನೋಡಿರಲಿಲ್ಲ!

ಟಿಬಿ ಬ್ಯಾಕ್ಟೀರಿಯಾದ ಡಿಎನ್‌ಎ ಸುಮಾರು 44 ಲಕ್ಷ ಅಕ್ಷರಗಳ ಬರಹ. ಒಂದು ಎರಡಾಗುವಾಗಲೆಲ್ಲ ಇಷ್ಟನ್ನೂ ನಕಲು ಮಾಡಬೇಕು. ಅಪರೂಪಕ್ಕೆ ಒಂದಕ್ಷರ ತಪ್ಪುತ್ತದೆ. ಔಷಧ ಇರಲಿ, ಇಲ್ಲದಿರಲಿ, ತಪ್ಪುತ್ತದೆ. ಆ ತಪ್ಪು ಆರ್‌ಪಿಒಬಿ ಎಂಬ ಜೀನಿನ 81 ಅಕ್ಷರಗಳ ತುಣುಕಿನಲ್ಲಿ ಬಿದ್ದರೆ, ರಿಫಾಂಪಿಸಿನ್ ಕೂರುವ ಜಾಗದ ಆಕಾರವೇ ಕೆಡಬಹುದು. ಬಂದ ಔಷಧಕ್ಕೆ ಕೂರಲು ಜಾಗವಿಲ್ಲ.

ಟಿಬಿಯ ಇನ್ನೊಂದು ಮುಖ್ಯ ಔಷಧ ಐಸೋನಿಯಾಜಿಡ್‌ನ ಕಥೆ ಇನ್ನೂ ಮಜಾ. ಅದು ಬತ್ತಿ ಹಚ್ಚದ ಪಟಾಕಿ ಇದ್ದ ಹಾಗೆ. ಹಚ್ಚುವುದು ಬ್ಯಾಕ್ಟೀರಿಯಾವೇ, ತನ್ನದೇ ಕ್ಯಾಟ್‌ಜಿ ಎಂಬ ಕಿಣ್ವದಿಂದ. ತನ್ನ ಸಾವಿಗೆ ತಾನೇ ಕಡ್ಡಿ ಗೀರುತ್ತದೆ! ಆ ಕ್ಯಾಟ್‌ಜಿ ಜೀನಿನಲ್ಲಿ ಅಕ್ಷರ ತಪ್ಪಿತೋ, ಕಡ್ಡಿ ಹತ್ತುವುದಿಲ್ಲ. ಪಟಾಕಿ ಟುಸ್.

ಐಸೋನಿಯಾಜಿಡ್ ನಾಟದ್ದು ಸುಮಾರು 10 ಲಕ್ಷ ಬ್ಯಾಕ್ಟೀರಿಯಾಕ್ಕೊಂದು, ರಿಫಾಂಪಿಸಿನ್ ನಾಟದ್ದು ಸುಮಾರು 10 ಕೋಟಿಗೊಂದು. ಎರಡೂ ತಪ್ಪು ಒಂದರಲ್ಲೇ ಸೇರುವುದು ತೀರಾ ಅಪರೂಪ. ಅದಕ್ಕೇ ನಾಲ್ಕು ಔಷಧ ಒಟ್ಟಿಗೆ ಕೊಡುವುದು. ಮಾತ್ರೆ ಅರ್ಧಕ್ಕೆ ಬಿಟ್ಟರೆ, ಇಲ್ಲವೇ ಡಾಕ್ಟರೇ ತಪ್ಪು ಜೋಡಿ ಬರೆದುಕೊಟ್ಟರೆ, ಉಳಿದವು ಸತ್ತು ಇವು ಬೆಳೆಯುತ್ತವೆ. ಇದು ನಿಜ, ಇಲ್ಲ ಅನ್ನುವುದಿಲ್ಲ. ಆದರೆ ಹಾಗೆ ಬೆಳೆದದ್ದು ಕೆಮ್ಮಿನಲ್ಲಿ ಇನ್ನೊಬ್ಬರಿಗೂ ಹೋಗುತ್ತದೆ ಅಲ್ವಾ? ಗಾಳಿಯಾಡದ ಹಾಲ್‌ನಲ್ಲಿ ಸಾಲಾಗಿ ಹೊಲಿಗೆ ಮೆಷಿನ್ ಮುಂದೆ ಕೂತವರಿಗೆ ಅದು ಯಾರ ಕೆಮ್ಮು ಅಂತ ಹೇಗೆ ಗೊತ್ತಾಗಬೇಕು?

2014-16ರಲ್ಲಿ ದೇಶದಾದ್ಯಂತ ಮದ್ದು ನಾಟದ ಟಿಬಿಯ ಸಮೀಕ್ಷೆ ನಡೆಯಿತು. ಅದರಲ್ಲಿ ನಮ್ಮ ಬಳ್ಳಾರಿ ರಸ್ತೆಯ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯದು ದೊಡ್ಡ ಪಾಲು. ಮೊದಲ ಸಲ ಟಿಬಿ ಬಂದವರಲ್ಲೇ ಶೇ 2.84ರಷ್ಟು ಜನರಿಗೆ ಎರಡೂ ಔಷಧ ನಾಟುತ್ತಿರಲಿಲ್ಲ. ಐಸೋನಿಯಾಜಿಡ್ ನಾಟದವರಂತೂ ಸುಮಾರು ಶೇ 11. ಇವರೆಲ್ಲ ಯಾವ ಮಾತ್ರೆ ಬಿಟ್ಟಿದ್ದರು?

ಪ್ರಶ್ನೆ ಕೇಳಲೇಬೇಕು ಅಂದರೆ ರಿಪೋರ್ಟನ್ನು ಕೇಳಿ. ಸಾಮಾನ್ಯವಾಗಿ ಮೊದಲು ಮಾಡುವ ಸಿಬಿನ್ಯಾಟ್ ಪರೀಕ್ಷೆ, ಔಷಧ ನಾಟುತ್ತದೋ ಇಲ್ಲವೋ ಎಂದು ನೋಡುವುದು ಆ 81 ಅಕ್ಷರಗಳಲ್ಲಿ ಮಾತ್ರ. ರಿಫಾಂಪಿಸಿನ್ ನಾಟುತ್ತದೆ ಅಂತ ಬಂದ ತಕ್ಷಣ ಮನೆಯವರು "ಸದ್ಯ, ಬದುಕಿದೆವು" ಅನ್ನುತ್ತಾರೆ. ಕ್ಯಾಟ್‌ಜಿ ಕಡೆ ಇನ್ನೂ ಯಾರೂ ತಿರುಗಿಯೇ ನೋಡಿರುವುದಿಲ್ಲ! ಅದನ್ನು ನೋಡಲು ಎಲ್‌ಪಿಎ ಅಂತ ಇನ್ನೊಂದು ಪರೀಕ್ಷೆ ಇದೆ. ಕಫ ಲ್ಯಾಬಿಗೆ ಹೋಯಿತಾ, ರಿಪೋರ್ಟ್ ಬಂತಾ ಅಂತ ಬೆನ್ನು ಹತ್ತಿ ಕೇಳಬೇಕು, ಸುಮ್ನೆ ಕೂತರೆ ಆಗಲ್ಲ.

ಆ ಅಕ್ಕನ ಗಂಡನಿಗೆ, ಇಬ್ಬರು ಮಕ್ಕಳಿಗೆ ತಕ್ಷಣ ಪರೀಕ್ಷೆ ಆಗಬೇಕಿತ್ತು. "ಮಾತ್ರೆ ಬಿಟ್ರಾ" ವಿಚಾರಣೆಯೆಲ್ಲ ಮುಗಿದು, ಮೂರು ವಾರ ಆದ ಮೇಲೆ ಅವರನ್ನು ಕರೆದರು.